ಅತ್ತೆಯ ಫುಲ್ ಟಿಕೆಟ್ಟು

ನಾನು ಬಿ.ಎ. ಮುಗಿಸುವುದು ಈ ಜನ್ಮದಲ್ಲಿ ಆಗದ ಕೆಲಸ ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ ಚನ್ನೇಗೌಡರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ನನ್ನ ಬುದ್ಧಿಯ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಹೆಣ್ಣುಮಕ್ಕಳಿಗೆ ಓದು ಯಾಕೆ ಎಂದೂ ಕೇಳಲಿಲ್ಲ; ಅದನ್ನು ಕೇಳಲು ಊರಿನಲ್ಲಿ ಬೇರೆಯವರು ಬೇಕಾದಷ್ಟು ಮಂದಿ ಇದ್ದರು. ದೊಡ್ಡಪ್ಪನ ಆಕ್ಷೇಪಣೆ ಪೂರ್ತಿಯಾಗಿ ಬಸ್ ಚಾರ್ಜಿನ ಮೇಲೆ ನಿಂತಿತ್ತು. ಆ ವಿಷಯದಲ್ಲಿ ಅವರು ನಮ್ಮೂರಿಗೇ ಪಂಡಿತರು. ಯಾವ ಬಸ್ಸಿನಲ್ಲಿ ಎಷ್ಟು, ಯಾವ ಸ್ಟಾಪಿನಲ್ಲಿ ಇಳಿದು ಎಷ್ಟು ದೂರ ನಡೆದರೆ ಚಾರ್ಜು ಕಡಿಮೆ, ಯಾವ ವಯಸ್ಸಿನ ಮಗುವನ್ನು ಯಾವ ಕಂಡಕ್ಟರ್ ಹಾಫ್ ಟಿಕೆಟ್ ಎಂದು ಒಪ್ಪುತ್ತಾನೆ, ಎಲ್ಲವೂ ಅವರಿಗೆ ಬಾಯಿಪಾಠ. ಮಂಡ್ಯಕ್ಕೆ ಹೊರಟವರೆಲ್ಲ ಜಗಲಿಯ ಮೇಲೆ ಕೂತ ದೊಡ್ಡಪ್ಪನನ್ನು ಕೇಳಿಕೊಂಡೇ ಹೊರಡುತ್ತಿದ್ದರು. ದೊಡ್ಡಪ್ಪ ಮಾತ್ರ ಎಲ್ಲಿಗೂ ಹೋಗುತ್ತಿರಲಿಲ್ಲ. ಚಾರ್ಜು ಅಷ್ಟು ಚೆನ್ನಾಗಿ ಗೊತ್ತಿದ್ದವರಿಗೆ ಹೋಗುವ ಮನಸ್ಸಾದರೂ ಹೇಗೆ ಬರುತ್ತದೆ?

ನಮ್ಮೂರು ಭಾರತೀನಗರದಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಸಿಗುತ್ತದೆ. ಭಾರತೀನಗರ ಎಂಬುದು ಬೋರ್ಡಿನ ಮೇಲಿನ ಹೆಸರು, ನಮ್ಮ ಬಾಯಿಗೆ ಅದು ದೊಡ್ಡಿ. ಮಳವಳ್ಳಿಯಲ್ಲಿ ಹೊರಟ ಬೆಳಗಿನ ಕೆಂಪು ಬಸ್ಸು ರಸ್ತೆ ಬದಿಯ ನಮ್ಮೂರ ಗೇಟಿನಲ್ಲಿ ನಿಂತು, ದೊಡ್ಡಿ ದಾಟಿ, ಮದ್ದೂರು ಸುತ್ತಿ, ಕಾಲೇಜಿದ್ದ ಮಂಡ್ಯ ಸೇರುತ್ತಿತ್ತು. ಸಂಜೆ ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತಿತ್ತು. ನಾನು ಪಿ.ಯು.ಸಿ. ಮುಗಿಸಿದ ಎಪ್ಪತ್ತರ ದಶಕದ ಆ ದಿನಗಳಲ್ಲಿ, ಮದುವೆಯಾಗದ ಹುಡುಗಿಯೊಬ್ಬಳೇ ಅಷ್ಟು ದೂರ ದಿನಾ ಓಡಾಡುವುದು ಎಂದರೆ ನಮ್ಮ ಮನೆಯಲ್ಲಿ ಯೋಚಿಸುವ ಮಾತೇ ಆಗಿರಲಿಲ್ಲ. ಓದಲಿ ಎಂದು ಅಪ್ಪ ಒಪ್ಪಿದರು. ಆದರೆ ಜೊತೆಗೆ ಒಬ್ಬರು ಹೋಗಬೇಕು ಎಂದು ಅಮ್ಮ ಹಟ ಹಿಡಿದಳು. ಆಗ ಹಿತ್ತಲಿನಿಂದ ಒಂದು ದನಿ ಬಂತು: "ನಾನ್ ಓಯ್ತೀನಿ ಬುಡಿ."

ಅದು ನಮ್ಮ ಸೋದರತ್ತೆ ನಿಂಗಮ್ಮ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ನಾಲೆ ಪಕ್ಕದ ತುಂಡು ಜಾಗದಲ್ಲಿ ಸೊಪ್ಪು ಬೆಳೆಯುತ್ತಾ, ಮನೆಯ ಯಾವ ಮಾತಿಗೂ ಬಾಯಿ ಹಾಕದೆ ಇದ್ದವಳು. ಆ ಒಂದು ಮಾತಿನಿಂದ ನನ್ನ ಬಿ.ಎ. ಶುರುವಾಯಿತು, ದೊಡ್ಡಪ್ಪನ ಲೆಕ್ಕಾಚಾರವೂ ಶುರುವಾಯಿತು. ನನಗೆ ವಿದ್ಯಾರ್ಥಿಗಳ ರಿಯಾಯಿತಿ ಪಾಸು. ಬೆಚ್ಚಿಬಿದ್ದ ಮುಖದ ನನ್ನ ಫೋಟೋ ಅಂಟಿಸಿ ಸೀಲು ಒತ್ತಿ ಕೊಟ್ಟಿದ್ದರು. ಅತ್ತೆಗೆ ಹೋಗುತ್ತಾ ಒಂದು, ಬರುತ್ತಾ ಒಂದು ಫುಲ್ ಟಿಕೆಟ್ಟು.

"ಓದೋಳ್ಗೆ ಕಮ್ಮಿ, ಕಾಯೋಳ್ಗೆ ಜಾಸ್ತಿ! ಇದ್ಯಾವ ಸೀಮೆ ನ್ಯಾಯ್ವೋ?" ಎಂದರು ದೊಡ್ಡಪ್ಪ. "ಲೋ ತಮ್ಮಾ, ನಿನ್ ಮಗ್ಳ ಡಿಗ್ರಿ ಬಸ್ಸಲ್ಲೇ ಮುಳ್ಗೋಯ್ತದೆ ಕಣ್ಲಾ. ಈ ವರ್ಸ ನೋಡ್ತೀನಿ. ಮನೆ ದುಡ್ಡು ಇಂಗೇ ಸುರೀತಿದ್ರೆ ಮುಂದಿನ್ ವರ್ಸ ಕಾಲೇಜೂ ಇಲ್ಲ, ಗೀಲೇಜೂ ಇಲ್ಲ."

ಮನೆಯ ದುಡ್ಡು ಇದ್ದದ್ದು ದೊಡ್ಡಪ್ಪನ ಕೈಯಲ್ಲಿ. ಹೀಗಾಗಿ ಆ ಮಾತು ಬರೀ ಮಾತಾಗಿರಲಿಲ್ಲ.

ನಾನು ಹೆದರಿದೆ. ಹೆದರಿದಾಗ ನಾನು ಮಾಡುವ ಕೆಲಸ ಒಂದೇ, ಕಿಟಕಿಯಿಂದ ಹೊರಗೆ ನೋಡುವುದು. ಹೆದರದಿದ್ದಾಗಲೂ ಅದನ್ನೇ ಮಾಡುತ್ತೇನೆ ಎಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಆ ಬಸ್ಸಿನ ಕಿಟಕಿಯ ಹಾಗೆ ಇನ್ನು ಯಾವುದೂ ನನ್ನನ್ನು ಸೆಳೆದಿಲ್ಲ. ಗಾಜು ಮೇಲೇರುತ್ತಿರಲಿಲ್ಲ, ಏರಿದ್ದು ಇಳಿಯುತ್ತಿರಲಿಲ್ಲ. ಬೆಳಗಿನ ಮಂಜಿನಲ್ಲಿ ನಾಲೆಯ ನೀರು ಬಸ್ಸಿನ ಜೊತೆಜೊತೆಗೇ ಓಡಿಬಂದು, ಒಂದು ತಿರುವಿನಲ್ಲಿ ಏನೋ ನೆನಪಾದಂತೆ ಗದ್ದೆಗಳ ಕಡೆ ಹೊರಟುಹೋಗುತ್ತಿತ್ತು. ಹೂ ಬಿಟ್ಟ ಕಬ್ಬು ಎರಡೂ ಕಡೆ ಬೆಳ್ಳಗೆ ತೂಗುತ್ತಿತ್ತು. ದೊಡ್ಡಿಯಲ್ಲಿ ಸಕ್ಕರೆ ಕಾರ್ಖಾನೆಯ ಕಾಕಂಬಿಯ ವಾಸನೆ ಬಸ್ಸಿನೊಳಕ್ಕೆ ಹತ್ತಿ, ಟಿಕೆಟ್ಟಿಲ್ಲದೆ ಮದ್ದೂರಿನವರೆಗೂ ಬರುತ್ತಿತ್ತು. ಕಬ್ಬಿನ ಗಾಡಿಗಳು ಅಡ್ಡ ನಿಂತರೆ ನಾವೂ ನಿಲ್ಲುತ್ತಿದ್ದೆವು. ಎಲ್ಲರೂ ಬೈಯುತ್ತಿದ್ದಾಗ ನಾನು ಮಾತ್ರ ಇನ್ನೂ ಸ್ವಲ್ಪ ಹೊತ್ತು ನಿಂತಿರಲಿ ಎಂದುಕೊಳ್ಳುತ್ತಿದ್ದೆ. ಅಂಥ ಹೊತ್ತಿನಲ್ಲಿ ನಾನು ಲೆಕ್ಚರರ್ ಆಗಿದ್ದೇನೆ, ತಹಸೀಲ್ದಾರಳಾಗಿದ್ದೇನೆ, ಒಮ್ಮೆ ವಿಮಾನವನ್ನೂ ಹತ್ತಿದ್ದೇನೆ. ಅದಕ್ಕೂ ನನ್ನ ರಿಯಾಯಿತಿ ಪಾಸೇ ನಡೆದಿತ್ತು.

ನಾನು ಹೀಗೆ ತೇಲುತ್ತಿದ್ದರೆ ಅತ್ತೆ ನೆಲದ ಮೇಲೆ ನಿಂತು ದಾರಿ ಹುಡುಕುತ್ತಿದ್ದಳು. ಮೊದಲು ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ಪಾಸು ಕೊಡುವ ಸಾಹೇಬರ ಕಿಂಡಿಯ ಮುಂದೆ ನಿಂತಳು.

"ಸಾಮಿ, ನಂಗೂ ಒಂದು ಪಾಸ್ ಕೊಡಿ."

"ಪಾಸು ಸ್ಟೂಡೆಂಟ್ಸ್‌ಗೆ ಮಾತ್ರ ಅಮ್ಮ."

"ಇವ್ಳು ಓದೋಕೆ ಓಯ್ತಾಳೆ, ನಾನು ಇವ್ಳ್ನ ಓದ್ಸೋಕೆ ಓಯ್ತೀನಿ. ನಾನ್ ಬರ್ದಿದ್ರೆ ಇವ್ಳೂ ಬರಾಕಿಲ್ಲ. ಆವಾಗ ನೀವ್ ಕೊಟ್ಟಿರೋ ಪಾಸು ಏನ್ ಮಾಡ್ತದೆ, ಒಂದೇ ಬತ್ತದಾ?"

"ಅದೆಲ್ಲ ರೂಲ್ಸಿನಲ್ಲಿ ಇಲ್ಲಮ್ಮ."

"ಅಂಗಾರೆ ನನ್ನೂ ಸ್ಟೂಡೆಂಟು ಅಂತ ಬರ್ಕಳಿ."

ಸಾಹೇಬರು ಕನ್ನಡಕ ಸರಿಮಾಡಿಕೊಂಡರು. "ಏನು ಓದ್ತಾ ಇದೀರಿ ತಾವು?"

"ಇವ್ಳ್ನೇ ಓದ್ತಾ ಇವ್ನಿ ದಿನಾ. ಇನ್ನೂ ಅರ್ತ ಆಗಿಲ್ಲ."

ಕಿಂಡಿಯ ಒಳಗಿದ್ದವರೆಲ್ಲ ನಕ್ಕರು. ಪಾಸು ಮಾತ್ರ ಸಿಗಲಿಲ್ಲ.

ಆಮೇಲೆ ರೈಲಿನ ಪರೀಕ್ಷೆ. ಮದ್ದೂರಿನವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಪ್ಯಾಸೆಂಜರ್ ಹಿಡಿದರೆ ಅಗ್ಗವಾಗುತ್ತದೆ ಎಂದು ಯಾರೋ ಹೇಳಿದ್ದರು. ಸ್ಟೇಷನ್ನಿನಲ್ಲಿ ಅತ್ತೆ ಎಲ್ಲಕ್ಕಿಂತ ಕಡಿಮೆಯ ಟಿಕೆಟ್ ಯಾವುದು ಎಂದು ಕೇಳಿದಳು. ಪ್ಲಾಟ್‌ಫಾರಂ ಟಿಕೆಟ್ ಎಂದರು. ಅತ್ತೆಯ ಮುಖ ಅರಳಿತು.

"ಇದ್ರಲ್ಲಿ ಎಲ್ಲೀಗಂಟ ಓಗ್ಬೋದು?"

"ಎಲ್ಲಿಗೂ ಹೋಗೋ ಹಾಗಿಲ್ಲಮ್ಮ. ಇಲ್ಲೇ ನಿಂತಿರಬಹುದು."

"ಎಲ್ಲೂ ಓಗ್ದೆ ನಿಂತಿರಕೂ ದುಡ್ಡಾ? ಬಾರಮ್ಮಿ, ನಿಮ್ ದೊಡ್ಡಪ್ಪಂಗೆ ಈ ಇಸ್ಯ ಗೊತ್ತಾದ್ರೆ ಜಗಲಿ ಮ್ಯಾಲೆ ಕೂತಿರೋಕೂ ಟಿಕೆಟ್ ಮಡಗ್ತಾನೆ."

ಆ ದಿನ ರೈಲು ಬರುವ ಹೊತ್ತಿಗೆ ನನ್ನ ಮೊದಲ ಎರಡು ಕ್ಲಾಸು ಮುಗಿದಿದ್ದವು. ರೈಲಿನ ಯೋಚನೆಯೂ ಅಲ್ಲಿಗೇ ಮುಗಿಯಿತು.

ಕೊನೆಗೆ ದಾರಿ ಸಿಕ್ಕಿದ್ದು ನಾಲೆ ಪಕ್ಕದ ಆ ತುಂಡು ಜಾಗದಲ್ಲಿ. ಹೇಗೂ ಕಾಲೇಜಿನ ಗೇಟಿನ ಬಳಿ ದಿನವಿಡೀ ಕೂತಿರುತ್ತೇನೆ, ಸುಮ್ಮನೆ ಕೂರುವ ಬದಲು ಸೊಪ್ಪು ಮಾರಿದರೆ ತನ್ನ ಚಾರ್ಜು ತನಗೆ ಹುಟ್ಟುತ್ತದೆ ಎಂದು ಅತ್ತೆ ಕಂಡುಕೊಂಡಳು. ಆದರೆ ಸೊಪ್ಪಿನ ಕುಕ್ಕೆಗೆ ಲಗೇಜು ಚಾರ್ಜು ಕೊಡಬೇಕು ಎಂದರು ಕಂಡಕ್ಟರ್ ಬಾಷಾ ಸಾಹೇಬರು. ಅತ್ತೆ ಅರೆಗಳಿಗೆ ಯೋಚಿಸಿದಳು. ಮಡಿಲಿನ ಮಗುವಿಗೆ ಟಿಕೆಟ್ ಇಲ್ಲ ಎಂಬ ರೂಲ್ಸು ಅವಳಿಗೆ ದೊಡ್ಡಪ್ಪನಿಂದಲೇ ಗೊತ್ತಿತ್ತು. ಮಾರನೆಯ ದಿನ ಕುಕ್ಕೆ ಬಿಟ್ಟು, ಒದ್ದೆ ಬಟ್ಟೆಯಲ್ಲಿ ಸೊಪ್ಪನ್ನು ಸುತ್ತಿ, ಮಡಿಲಲ್ಲಿ ಮಲಗಿಸಿಕೊಂಡು, ಮೇಲೆ ಸೆರಗು ಹೊದಿಸಿ ಕೂತಳು. ಬಾಷಾ ಸಾಹೇಬರು ಬಂದರು. ನೋಡಿದರು. ಸೆರಗಿನ ತುದಿಯಲ್ಲಿ ದಂಟಿನ ಸೊಪ್ಪಿನ ಕೆಂಪು ಬೇರು ಇಣುಕುತ್ತಿತ್ತು.

"ಮಗೂಗೆ ಎಷ್ಟು ವಯಸ್ಸಮ್ಮಾ?"

"ನೆನ್ನೆ ಸಾಯಂಕಾಲ ಕಿತ್ತಿದ್ದು ಕಣಪ್ಪ."

ಬಾಷಾ ಸಾಹೇಬರು ಗಂಭೀರವಾಗಿ ತಲೆಯಾಡಿಸಿದರು. "ಅಳದೆ ಇದ್ರೆ ಸರಿ" ಎಂದು ಮುಂದಿನ ಸೀಟಿಗೆ ಹೋದರು. ಅಂದಿನಿಂದ ಅವರ ಮನೆಗೆ ವಾರಕ್ಕೊಂದು ಕಟ್ಟು ಮೆಂತ್ಯದ ಸೊಪ್ಪು ಸಂದಾಯವಾಗುತ್ತಿತ್ತು. ಅದು ಯಾವ ತರಹದ ಚಾರ್ಜು ಎಂದು ನಾನು ಕೇಳಲಿಲ್ಲ.

ಮೊದಲ ವರ್ಷ ಹಾಗೆ ದಾಟಿತು. ಅತ್ತೆಯ ಟಿಕೆಟ್ಟಿಗೆ ಮನೆಯಿಂದ ದುಡ್ಡು ಕೇಳುವುದು ನಿಂತಿದ್ದರಿಂದ ದೊಡ್ಡಪ್ಪನ ಕೈಯಲ್ಲಿ ಕಾರಣವೇ ಉಳಿಯಲಿಲ್ಲ. ಅವರು ಬೇರೆ ಕಾರಣಕ್ಕಾಗಿ ಕಾಯುತ್ತಾ ಕೂತರು. ಕಾರಣ ಒದಗಿಸಿದವಳು ನಾನೇ, ಎರಡನೆಯ ವರ್ಷದಲ್ಲಿ.

ನಮ್ಮ ಚರಿತ್ರೆಯ ಮೇಡಂ ಅತ್ತೆಯ ಬಳಿ ದಿನಾ ಸೊಪ್ಪು ಕೊಳ್ಳುತ್ತಿದ್ದರು. ಒಂದು ದಿನ ಸಬ್ಬಸಿಗೆಯ ಕಟ್ಟು ಆರಿಸುತ್ತಾ, "ನಿಮ್ಮ ಹುಡುಗಿ ಕ್ಲಾಸಿನಲ್ಲಿ ಇರ್ತಾಳೆ, ಆದರೆ ಇರೋದಿಲ್ಲ. ಯಾವಾಗಲೂ ಕಿಟಕಿ ಕಡೆಗೇ ನೋಡ್ತಿರ್ತಾಳೆ. ಹೀಗೇ ಆದ್ರೆ ಪರೀಕ್ಷೆ ಕಷ್ಟ" ಎಂದುಬಿಟ್ಟರು. ಸಂಜೆ ಬಸ್ಸು ಹತ್ತಿದ ಕೂಡಲೇ ಅತ್ತೆ ನನ್ನನ್ನು ಈಚೆಗೆ ಎಳೆದು ತಾನು ಒಳಗೆ ಕೂತಳು.

"ಇವತ್ತಿಂದ ಕಿಟ್ಕಿ ನಂದು. ನೀನು ಪುಸ್ತ್ಕ ತಗಿ."

ತೆಗೆದೆ. ಏನು ಮಾಡುವುದು? ಅತ್ತೆಯ ಹೆಗಲು ಕಿಟಕಿಯನ್ನೆಲ್ಲ ಮುಚ್ಚಿತ್ತು. ಆ ಸಂಜೆ ನಾನು ಜೀವನದಲ್ಲಿ ಮೊದಲ ಸಲ ಬಸ್ಸಿನಲ್ಲಿ ನಿಜವಾಗಿ ಓದಿದೆ. ಮದ್ದೂರು ಬಂದದ್ದೂ ಗೊತ್ತಾಗಲಿಲ್ಲ, ದೊಡ್ಡಿ ಹೋದದ್ದೂ ಗೊತ್ತಾಗಲಿಲ್ಲ. ಓದುತ್ತಾ ಓದುತ್ತಾ ಅಕ್ಷರಗಳು ಮಸುಕಾಗಿ, ತಲೆ ಎತ್ತಿದೆ. ಬಸ್ಸು ನಿಂತಿತ್ತು. ಜನರೆಲ್ಲ ಇಳಿಯುತ್ತಿದ್ದರು. ಹೊರಗೆ ಮಳವಳ್ಳಿಯ ಬಸ್ ಸ್ಟ್ಯಾಂಡು. ಪಕ್ಕದಲ್ಲಿ ಅತ್ತೆ ಕಿಟಕಿಯ ಕಂಬಿಗೆ ಕೆನ್ನೆ ಆನಿಸಿ ಕಣ್ಣು ಬಿಟ್ಟುಕೊಂಡು ಕೂತಿದ್ದಾಳೆ. ನಿದ್ದೆಯಲ್ಲ. ಅಂಥ ಮುಖವನ್ನು ನಾನು ಅವಳ ಮೇಲೆ ಎಂದೂ ನೋಡಿರಲಿಲ್ಲ.

"ಅತ್ತೇ, ನಮ್ಮೂರು ಹೋಯ್ತು! ಏನ್ ನೋಡ್ತಾ ಇದ್ದೆ?"

"ಏನೂ ಇಲ್ಲ ಕಣಮ್ಮಿ" ಎಂದಳು ಅತ್ತೆ ಮೆಲ್ಲಗೆ. ಮತ್ತೊಮ್ಮೆ ಹೊರಗೆ ನೋಡಿ, "ಎಲ್ಲಾನೂವೆ" ಎಂದಳು.

ಬಾಷಾ ಸಾಹೇಬರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ನನ್ನ ಪಾಸು ನಮ್ಮೂರಿನವರೆಗೆ, ಅತ್ತೆಯ ಟಿಕೆಟ್ಟೂ ನಮ್ಮೂರಿನವರೆಗೆ. ಉಳಿದ ದಾರಿಯ ಚಾರ್ಜು ಇಬ್ಬರೂ ಕೊಡಬೇಕು. ಅತ್ತೆಗೆ ಆಗ ಪೂರ್ತಿ ಎಚ್ಚರವಾಯಿತು.

"ನಾವ್ ಮಳವಳ್ಳಿಗೆ ಬತ್ತೀವಿ ಅಂತ ಕೇಳುದ್ವಾ? ನೀನೇ ಕರ್ಕಂಡ್ ಬಂದಿರೋದು. ಮನೆಗೆ ಕರ್ಕಂಡ್ ಬಂದೋರ್ತಾವ ಯಾರಾದ್ರೂ ದುಡ್ಡು ಕೇಳ್ತಾರೇನಪ್ಪ?"

"ನಿಮ್ಮೂರ ಗೇಟಲ್ಲಿ ಗಂಟಲು ಹರಿಯೋ ಹಂಗೆ ಕೂಗಿದೀನಿ ಅಮ್ಮಾ! ಆ ಹುಡ್ಗಿ ಪುಸ್ತಕದಿಂದ ಕಣ್ಣು ತೆಗೀಲಿಲ್ಲ. ನೀವು ನನ್ನ ಮುಖಾನೇ ನೋಡಿದ್ರಿ. ನಾನು ನಿಮಗೆ ಕಾಣಿಸ್ಲೇ ಇಲ್ಲ."

ಚಾರ್ಜು ಕೊಟ್ಟೆವು. ವಾಪಸು ಬರುವುದಕ್ಕೂ ಕೊಟ್ಟೆವು. ಊಟದ ಹೊತ್ತು ಮೀರಿ ಮನೆ ಸೇರಿದಾಗ ಅಮ್ಮ ಅಳುತ್ತಿದ್ದಳು, ಅಪ್ಪ ಗೇಟಿಗೂ ಮನೆಗೂ ಓಡಾಡಿ ಸುಸ್ತಾಗಿದ್ದರು, ದೊಡ್ಡಪ್ಪ ಜಗಲಿಯ ಮೇಲೆ ಎಂದಿನಂತೆ ಕೂತಿದ್ದರು. ಎಲ್ಲ ಕೇಳಿಸಿಕೊಂಡರು. ನನ್ನ ಡಿಗ್ರಿ ಅಲ್ಲಿಗೆ ಮುಗಿಯಿತೆಂದು ನಾನು ಕಂಬ ಹಿಡಿದು ನಿಂತೆ. ದೊಡ್ಡಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಅಲ್ಲ, ದಾರಿ ತಪ್ಪೋಕೆ ಒಬ್ರು ಸಾಲ್ದಾ? ಇಬ್ಬಿಬ್ರು ಯಾಕೆ ದುಡ್ಡು ಕೊಟ್ಕಂಡು ತಪ್ಬೇಕು? ಕಾಯೋಳೇ ಕಳ್ದೋದ್ರೆ ಕಾಯೋಳ ಟಿಕೆಟ್ ದಂಡ, ಅದು ಯಾರ್ ದುಡ್ಡಾದ್ರೂವೆ. ನಾಳಿಂದ ಉಡ್ಗಿ ಒಬ್ಳೇ ಓಗ್ಲಿ. ಪಾಸ್ ಅದೆಯಲ್ಲ, ಫೋಟೋ ಅಂಟ್ಸವ್ರೆ. ಕಳ್ದೋದ್ರೂ ಯಾರಾದ್ರೂ ತಂದ್ಬುಡ್ತಾರೆ."

ಮೂರು ತಲೆಮಾರಿನಿಂದ ಆ ಮನೆಯಲ್ಲಿ ಯಾರೂ ಮೀರದಿದ್ದ ಕಟ್ಟುಪಾಡು ಹೀಗೆ ಒಂದು ಫುಲ್ ಟಿಕೆಟ್ ಉಳಿಸುವ ಆಸೆಗೆ ಮುರಿದುಬಿತ್ತು. ಹೆಣ್ಣುಮಕ್ಕಳ ಸ್ವಾತಂತ್ರ್ಯದ ಬಗ್ಗೆ ಆಮೇಲೆ ನಾನು ಎಷ್ಟೋ ಭಾಷಣ ಕೇಳಿದ್ದೇನೆ, ಒಂದೆರಡು ಮಾಡಿಯೂ ಇದ್ದೇನೆ. ಮಾಡುವಾಗೆಲ್ಲ ದೊಡ್ಡಪ್ಪನ ಆ ಕೆಮ್ಮು ನೆನಪಾಗುತ್ತದೆ.

ಮಾರನೆಯ ಬೆಳಿಗ್ಗೆ ನಾನು ಒಬ್ಬಳೇ ಗೇಟಿಗೆ ಹೊರಟೆ. ತಹಸೀಲ್ದಾರಳ ಗತ್ತಿನಲ್ಲಿ ನಡೆಯಲು ಯತ್ನಿಸುತ್ತಿದ್ದೆ. ಗೇಟಿನಲ್ಲಿ ನೋಡಿದರೆ ಅತ್ತೆ ಸೊಪ್ಪಿನ ಮಗುವನ್ನು ಎತ್ತಿಕೊಂಡು ಆಗಲೇ ನಿಂತಿದ್ದಾಳೆ.

"ನೀನು ಬರಬೇಕಾಗಿಲ್ಲವಲ್ಲ ಅತ್ತೆ, ದೊಡ್ಡಪ್ಪ ಹೇಳಿದ್ದಾರಲ್ಲ?"

"ನಾನೇನ್ ನಿನ್ ಜೊತೆ ಬತ್ತಾ ಇವ್ನಾ? ನಾನು ನನ್ ಯಾಪಾರಕ್ಕೆ ಓಯ್ತಾ ಇವ್ನಿ. ನೀನು ನಿನ್ ಪಾಡ್ಗೆ ಓಗು."

ಬಸ್ಸು ಬಂತು. ನಾನು ನನ್ನ ಪಾಡಿಗೆ ಹತ್ತಿದೆ, ಅವಳು ಅವಳ ಪಾಡಿಗೆ ಹತ್ತಿದಳು. ಅತ್ತೆ ಹೋಗಿ ಕಿಟಕಿಯ ಪಕ್ಕ ಕೂತಳು. ನಾನು ಹಿಂದಿನ ಸೀಟಿನ ಕಿಟಕಿ ಹಿಡಿದೆ. ಆಮೇಲೆ ಡಿಗ್ರಿ ಮುಗಿಯುವವರೆಗೂ ನಾವು ಹಾಗೆಯೇ ಒಬ್ಬರ ಹಿಂದೆ ಒಬ್ಬರು, ಜೊತೆಯಿಲ್ಲದವರ ಹಾಗೆ ಜೊತೆಯಲ್ಲೇ ಓಡಾಡಿದೆವು. ನನಗೆ ಜ್ವರ ಬಂದ ದಿನವೂ ಅವಳು ಹೋಗುತ್ತಿದ್ದಳು. ಕಾಲೇಜಿಗೆ ರಜೆಯಿದ್ದರೂ ಹೋಗುತ್ತಿದ್ದಳು. ಹಾಜರಾತಿಯ ಲೆಕ್ಕದಲ್ಲಿ ನೋಡಿದರೆ ಅವಳು ನನಗಿಂತ ಒಳ್ಳೆಯ ವಿದ್ಯಾರ್ಥಿನಿ. ನಮ್ಮೂರ ಗೇಟು ಬಂದಾಗ ಬಾಷಾ ಸಾಹೇಬರು ಮಾತ್ರ ಕೂಗುವುದನ್ನು ಬಿಟ್ಟು, ಇಬ್ಬರ ಹೆಗಲನ್ನೂ ಟಿಕೆಟ್ ಪೆಟ್ಟಿಗೆಯಿಂದ ತಟ್ಟಿ ಎಬ್ಬಿಸಿಯೇ ಮುಂದಕ್ಕೆ ಹೋಗುತ್ತಿದ್ದರು.

ಪಾಸಾದೆ. ನಮ್ಮ ಮನೆತನದಲ್ಲಿ ಗಂಡಸರನ್ನೂ ಸೇರಿಸಿ ಮೊದಲ ಪದವೀಧರೆ ನಾನು. ಇದನ್ನು ಸಂಕೋಚವಿಲ್ಲದೆ ಹೇಳಿಕೊಳ್ಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಪದವಿ ಪತ್ರ ಬಂದಿದೆ ಎಂದು ತಿಳಿದ ದಿನ ಕಾಲೇಜಿನ ಆಫೀಸಿಗೆ ಹೋದೆ. ಗುಮಾಸ್ತರು ಸಹಿ ಹಾಕಿಸಿಕೊಂಡು ಕೈಗೆ ಕೊಟ್ಟರು. ಎದೆಗೆ ಒತ್ತಿಕೊಂಡು ಹೊರಗೆ ಬಂದೆ. ಗೇಟಿನ ಬಳಿ ಅತ್ತೆ ಸೊಪ್ಪಿನ ಮೇಲೆ ನೀರು ಚಿಮುಕಿಸುತ್ತಾ ಕೂತಿದ್ದಳು. ಅದನ್ನು ಅವಳ ಮುಂದೆ ಹಿಡಿದೆ. ಅತ್ತೆ ಎರಡೂ ಕೈಗಳನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು ಈಸಿಕೊಂಡಳು. ಉದ್ದ ನೋಡಿದಳು, ಅಗಲ ನೋಡಿದಳು, ತಿರುಗಿಸಿ ಹಿಂದುಗಡೆಯನ್ನೂ ನೋಡಿದಳು. ಅವಳ ಕಣ್ಣು ತುಂಬಿತ್ತು. ಈಗ ಏನೋ ದೊಡ್ಡ ಮಾತು ಬರುತ್ತದೆ ಎಂದು ನಾನು ತಲೆ ತಗ್ಗಿಸಿ, ಆಶೀರ್ವಾದಕ್ಕೆ ತಯಾರಾಗಿ ನಿಂತೆ.

"ಅಲ್ಲ ಕಣಮ್ಮಿ" ಎಂದಳು ಅತ್ತೆ, "ರಿಯಾಯ್ತಿ ಪಾಸಲ್ಲಿ ಬಂದೋಳ್ಗೇ ಇಷ್ಟುದ್ದದ ಕಾಗ್ದ ಕೊಟ್ಟವ್ರಲ್ಲ, ದಿನಾ ಫುಲ್ ಟಿಕೆಟ್ ತಕ್ಕಂಡು ಬಂದೋಳ್ದು ಎಲ್ಲಿ ಅಂತ ಒಳೀಕೆ ಓಗಿ ಕೇಳ್ಕಂಡ್ ಬಾ."