ಪಶ್ಚಿಮ ದಂಡೆಯ ಜೆಟ್ಟಿಗೆ ನನ್ನ ಒಪ್ಪಿಗೆ ಪಡೆದವರಿಗೆ

ಈ ಚಳಿದೇಶದ ಹೆಲ್ಸಿಂಗ್‌ಬೋರ್ಯ್ ಪಟ್ಟಣದಲ್ಲಿ ಕುಳಿತೇ ಇಂಡೋನೇಷ್ಯಾದ ದ್ವೀಪಗಳನ್ನು ಉದ್ಧರಿಸುತ್ತಿರುವ ಯೋಜನಾ ಕಂಪನಿಯ ಮುಖ್ಯಸ್ಥರಾದ ಮಾನ್ಯ ಫ್ರೆಡ್ರಿಕ್ ಅವರ ಸನ್ನಿಧಿಗೆ, ಕುಂದಾಪುರದ ಕಡೆಯ ಒಂದು ಕುದ್ರುವಿನಲ್ಲಿ, ಅಂದರೆ ಹೊಳೆ ನಡುವಿನ ದಿಬ್ಬದಲ್ಲಿ, ಹುಟ್ಟಿ, ಹೆಂಡತಿ ತೀರಿಕೊಂಡ ಮೇಲೆ ತಮ್ಮೂರಿನಲ್ಲೇ ಇರುವ ಮಗಳ ಮನೆ ಸೇರಿರುವ ಶೇಷಾದ್ರಿ ಐತಾಳನ ಅನೇಕ ನಮಸ್ಕಾರಗಳು.

ಮಾನ್ಯರೇ,

ಈ ದೇಶದಲ್ಲಿ ಎಷ್ಟು ದೊಡ್ಡವರನ್ನೂ ಬರೀ ಹೆಸರು ಹಿಡಿದು ಕರೆಯಬೇಕೆಂದು ತಮ್ಮಲ್ಲೇ ಎಂಜಿನಿಯರ್ ಆಗಿರುವ ನನ್ನ ಮಗಳು ಕೋಕಿಲಾ ಹೇಳಿದ್ದಾಳೆ. ಆದರೆ ನೋಡದ ಸಮುದ್ರಕ್ಕೆ ಜೆಟ್ಟಿ ಕಟ್ಟಬಲ್ಲ ಮಹನೀಯರನ್ನು ಹಾಗೆ ಕರೆಯಲು ನನ್ನ ನಾಲಿಗೆ ಒಪ್ಪುವುದಿಲ್ಲ. ವಿತ್ ಡ್ಯೂ ರೆಸ್ಪೆಕ್ಟ್ ಬರೆಯುತ್ತಿದ್ದೇನೆ. ನಮ್ಮ ಕನ್ನಡ ಸಂಘದ ಯುಗಾದಿ ಸಂಚಿಕೆಯಲ್ಲಿ ಇದು ಅಚ್ಚಾಗುತ್ತದೆ. ತಮಗೆ ಕೋಕಿಲಾ ತರ್ಜುಮೆ ಮಾಡಿ ಕೊಡುತ್ತಾಳೆ, ಕೆಲವು ವಿಶೇಷಣಗಳನ್ನು ಬಿಟ್ಟು.

ತಾವು ಸಿದ್ಧಪಡಿಸಿದ ಕರಾಂಗ್ ಲಿಮಾ ಜಿಲ್ಲೆಯ ನಕ್ಷೆಯನ್ನು ಮೊನ್ನೆಯ ಸಭೆಯಲ್ಲಿ ಕಣ್ತುಂಬ ನೋಡಿದೆ. ಒಂದು ದೊಡ್ಡ ದ್ವೀಪ, ಸುತ್ತ ಚೆಲ್ಲಿದ ಅವಲಕ್ಕಿಯಂತೆ ಸಣ್ಣ ದ್ವೀಪಗಳು, ಎಲ್ಲಕ್ಕೂ ಬುಪಾತಿ ಎಂಬ ಒಬ್ಬ ಜಿಲ್ಲಾಧಿಪತಿ, ಅಂದರೆ ನಮ್ಮ ಡೀಸಿಯನ್ನೂ ಜಿಲ್ಲಾ ಪಂಚಾಯತ್ ಅಧ್ಯಕ್ಷರನ್ನೂ ಒಂದೇ ಒರಳಿಗೆ ಹಾಕಿ ರುಬ್ಬಿದಂಥವರು. ಅವುಗಳಲ್ಲೊಂದು ಸಣ್ಣ ದ್ವೀಪದಲ್ಲಿರುವ ಸರಕಾರಿ ಕಚೇರಿಯನ್ನೂ ಹೆರಿಗೆ ಕೋಣೆಯನ್ನೂ ಮುಚ್ಚಿ ದೊಡ್ಡದಕ್ಕೆ ಸಾಗಿಸುವುದು, ಜನ ಹೋಗಿಬರಲು ಸಣ್ಣ ದ್ವೀಪದ ಪಶ್ಚಿಮ ದಂಡೆಯಲ್ಲಿ ಜೆಟ್ಟಿ ಕಟ್ಟುವುದು, ಇದು ತಮ್ಮ ಯೋಜನೆ. ಪಶ್ಚಿಮವೇ ಯಾಕೆಂದರೆ ಅಲ್ಲಿಂದ ಎಳೆದ ಗೆರೆ ಎಲ್ಲಕ್ಕಿಂತ ಗಿಡ್ಡ. ಗೆರೆಯ ಮೇಲೆ ಅಲೆ ಏಳುವುದಿಲ್ಲ, ಗಾಳಿ ಬೀಸುವುದಿಲ್ಲ, ಬಸುರಿ ಹೆಂಗಸು ದೋಣಿಯ ಅಂಚು ಹಿಡಿದು ವಾಂತಿ ಮಾಡುವುದಿಲ್ಲ. ಇಂಥ ಸಾಧು ಸಮುದ್ರ ನಮ್ಮ ಪಾಲಿಗೆ ಬರಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಯಿತು.

ದ್ವೀಪದವರ ಅಭಿಪ್ರಾಯವನ್ನೂ ಕೇಳಬೇಕೆಂಬ ನಿಯಮ ಇರುವುದರಿಂದ ತಾವು ಅಲ್ಲಿಯ ನರ್ಸಮ್ಮ ಇಬು ರಹ್ಮಾ ಅವರನ್ನು ತೆರೆಯ ಮೇಲೆ ಕರೆಸಿದಿರಿ. ಆಕೆ, ಪಶ್ಚಿಮದ ಗಾಳಿ ಬೀಸುವ ತಿಂಗಳುಗಳಲ್ಲಿ ಆ ದಂಡೆಗೆ ದೋಣಿಯೇ ಬರುವುದಿಲ್ಲ ಎನ್ನುವಷ್ಟರಲ್ಲಿ ನೆಟ್‌ವರ್ಕ್ ಕಡಿದು, ತೆರೆದ ಬಾಯಿ ತೆರೆದಂತೆಯೇ ಚಿತ್ರವಾಗಿ ನಿಂತರು. ತಾವು ಅದನ್ನು ತಾಂತ್ರಿಕ ತೊಂದರೆ ಎಂದು ಬರೆಸಿ, ಮಗಳಿಗೆ ಊಟದ ಡಬ್ಬಿ ಕೊಡಲು ಬಂದು ಮೂಲೆಯಲ್ಲಿ ಕುಳಿತಿದ್ದ ನನ್ನ ಕಡೆ ತಿರುಗಿದಿರಿ. ಕುದ್ರುವಿನ ಸಂಗತಿ ಕೋಕಿಲಾ ಎಂದೋ ಹೇಳಿದ್ದಳಂತೆ. ಯೂ ಆಲ್ಸೋ ಐಲ್ಯಾಂಡ್ ಮ್ಯಾನ್, ವೆರಿ ಗುಡ್ ಎಂದು ಮೇಜಿನ ಬಳಿ ಕೂರಿಸಿ, ಇಲ್ಲಿಯವರ ಕಾಫಿ ವಿರಾಮವಾದ ಫೀಕಾ ಎಂದು ಕಾಫಿಯನ್ನೂ ಏಲಕ್ಕಿ ಬನ್ನನ್ನೂ ಕೊಟ್ಟಿರಿ.

ನಮ್ಮಲ್ಲಿ ಬಡಿಸಿದವರ ಎದುರು, ಎಲೆ ಮುಂದೆ ಕುಳಿತು, ತಕರಾರು ತೆಗೆಯುವುದಿಲ್ಲ. ಕೈ ತೊಳೆದು ಜಗಲಿಗೆ ಬಂದು, ಒಂದು ಹೋಳು ಅಡಿಕೆ ಬಾಯಿಗೆ ಹಾಕಿ, ಸಾವಕಾಶವಾಗಿ ತೆಗೆಯುತ್ತೇವೆ. ನಾನು ಕೈ ತೊಳೆದು ಬರುವುದರೊಳಗೆ ತಮ್ಮ ಸಭೆಯೇ ಮುಗಿದಿತ್ತು. ಇಲ್ಲಿ ಸುಮ್ಮನಿದ್ದರೆ ಒಪ್ಪಿದ ಹಾಗಂತೆ. ಹೀಗೆ ‘ದ್ವೀಪವಾಸಿಗಳ ಸಂಪೂರ್ಣ ಬೆಂಬಲ’ ಎಂದು ತಮ್ಮ ವರದಿಯಲ್ಲಿ ದಾಖಲಾಗಿರುವುದು ನಾನು ತಿಂದ ಬನ್ನು.

ಟೈಮ್ ಅಂಡ್ ಟೈಡ್ ವೇಟ್ ಫಾರ್ ಯಾರೋ ಒಬ್ಬರು ಎಂದು ಕಾಲೇಜಿನಲ್ಲಿ ಓದಿದ್ದೆ. ಯಾರೆಂದು ಮರೆತಿದೆ, ಬಹುಶಃ ಪ್ಲಾನಿಂಗ್ ಆಫೀಸರ್ ಇರಬೇಕು. ಕುದ್ರುವಿನ ನಮ್ಮ ಮನೆಯ ಅಂಗಳದಿಂದ ಆಚೆ ದಡದ ಆಸ್ಪತ್ರೆಯ ನೀರಿನ ಟ್ಯಾಂಕು ಕಾಣುತ್ತಿತ್ತು, ನಕ್ಷೆಯಲ್ಲಿ ಕಿರುಬೆರಳಿನಷ್ಟೂ ದೂರವಿಲ್ಲ. ನನ್ನ ಶೋಭನಾಗೆ ಎದೆನೋವು ಬಂದದ್ದು ಇಳಿತದ ಹೊತ್ತಿನಲ್ಲಿ. ದೋಣಿ ಕೆಸರಿನಲ್ಲಿ ಕೂತಿತು. ನೀರು ಏರಲೆಂದು ನಾವು ಕಾದೆವು. ಅವಳು ಕಾಯಲಿಲ್ಲ.

ಆದ್ದರಿಂದ ಕೈಮುಗಿದು ಬೇಡುವುದೇನೆಂದರೆ, ಜೆಟ್ಟಿ ಸರಿಸುವ ಶ್ರಮ ತಮಗೇಕೆ, ಆ ಪಶ್ಚಿಮದ ಗಾಳಿಯನ್ನೇ ಒಮ್ಮೆ ಸಭೆಗೆ ಕರೆಯಿಸಿ. ಅದು ಸುಮ್ಮನಿದ್ದರೆ ಒಪ್ಪಿದಂತೆ. ಹೆರಿಗೆ ನೋವು ಗಾಳಿಯಿಲ್ಲದ ತಿಂಗಳಲ್ಲಿ, ಕಚೇರಿ ವೇಳೆಯಲ್ಲಿ ಮಾತ್ರ ಬರತಕ್ಕದ್ದು ಎಂದು ಬುಪಾತಿಯವರಿಂದ ಒಂದು ಸುತ್ತೋಲೆಯನ್ನೂ ಹೊರಡಿಸಿ. ಇವೆರಡೂ ಕಷ್ಟವೆನಿಸಿದರೆ, ಬರುವ ವಾರ ಯೋಜನೆ ಬುಪಾತಿಯವರ ಮೇಜಿಗೆ ಹೋಗುವ ಮುನ್ನ ನನ್ನ ಬೆಂಬಲವನ್ನು ಅಳಿಸಿ, ಇಬು ರಹ್ಮಾ ಅವರ ಮಾತನ್ನು ಪೂರ್ತಿ ಕೇಳಿ. ಆಕೆಗೆ ಕೋಕಿಲಾ ಫೋನ್ ಮಾಡಿದ್ದಳು. ಸಿಗ್ನಲ್ ಸಿಗುವುದು ಪೂರ್ವ ದಂಡೆಯಲ್ಲಿ, ಅಲ್ಲಿಗೇ ನಡೆದು ಬಂದು ಮಾತಾಡುತ್ತೇನೆ, ಕೇಳುವವರಿದ್ದರೆ ಸಾಕು ಎಂದರಂತೆ. ವರ್ಷವಿಡೀ ದೋಣಿ ಬಂದು ನಿಲ್ಲುವುದೂ ಅಲ್ಲಿಯೇ ಅಂತೆ. ಬರೀಬೇಡಿ ಅಪ್ಪಯ್ಯ, ನಂಗೆ ಆ ಕಂಪನಿಯಲ್ಲೇ ಕೆಲಸ ಮಾಡ್ಬೇಕು ಎನ್ನುತ್ತಿದ್ದ ಮಗಳು ಆ ಫೋನ್ ಇಟ್ಟ ಮೇಲೆ, ಬರೀರಿ ಎಂದಳು.

ಕೈಂಡ್ಲಿ ಡೂ ದಿ ನೀಡ್‌ಫುಲ್ ಎಂದು ಪ್ರಾರ್ಥಿಸುತ್ತ, ತಮ್ಮ ಏಳಿಗೆಯನ್ನು ಸದಾ ಬಯಸುವ, ಆದರೆ ಅದು ಒಣನೆಲದಲ್ಲೇ ಆಗಲೆಂದು ಹಾರೈಸುವ,

ತಮ್ಮ ವಿಶ್ವಾಸಿ,
ಶೇಷಾದ್ರಿ ಐತಾಳ

ವಿ.ಸೂ.: ಹೆರಿಗೆ ಕೋಣೆ ತೆಗೆದ ಜಾಗದಲ್ಲಿ ಪ್ರವಾಸಿಗಳಿಗೆಂದು ಸೂರ್ಯಾಸ್ತ ನೋಡುವ ಕಟ್ಟೆಯೊಂದನ್ನು ಕಟ್ಟಿಸುತ್ತೀರಂತೆ. ಯಾರು ಏನೇ ಹೇಳಿದರೂ ಅದನ್ನು ಕೈಬಿಡಬೇಡಿ. ದೋಣಿ ಬಂತೇ ಎಂದು ನೋಡುತ್ತ ನಿಲ್ಲುವ ಗಂಡಂದಿರಿಗೆ ಎತ್ತರದ ಜಾಗ ಬೇಕಾಗುತ್ತದೆ. ಬೆಂಚುಗಳನ್ನು ಮಾತ್ರ ಹೆಂಗಸೊಬ್ಬಳು ಮಲಗುವಷ್ಟು ಅಗಲ ಮಾಡಿಸಿ.