ನಮ್ಮ ಡೇರೆಯನ್ನು ಸೇವಿಸಿದ ಆನೆಯವರ ಸನ್ನಿಧಿಗೆ

ಆನೈಮಲೈ ಕಾಡಿನ ಹೊಳೆದಂಡೆಯಲ್ಲಿ ವಾಸವಾಗಿರುವ ಮಾನ್ಯ ಸಲಗದವರೇ, ತಮ್ಮ ಸೊಂಡಿಲಿಗೂ ಎರಡು ದಂತಗಳಿಗೂ ಪ್ರತ್ಯೇಕ ಪ್ರತ್ಯೇಕವಾಗಿ ನಮಸ್ಕಾರಗಳು.

ಒಂದು ಸಂಗತಿಯನ್ನು ಬಿಟ್ಟೇ ಈ ಪತ್ರ ಬರೆಯಬೇಕೆಂದಿದ್ದೆ. ಮೊದಲ ಎರಡು ಕರಡುಗಳಲ್ಲಿ ಬಿಟ್ಟೂ ಇದ್ದೆ. ತಾವು ತಿಂದ ಡೇರೆಗೆ ಗಂಜಿ ಬಳಿದವಳು ನಾನು.

ತಮಗೆ ಹಿನ್ನೆಲೆ ತಿಳಿದಿರಲಾರದು. ಸೀರೆ ಸಾಗಿಸುತ್ತಿದ್ದ ಹಳೆಯ ವ್ಯಾನನ್ನು ನನ್ನ ಯಜಮಾನರು ಪೆರಿಯನಾಯಕನಪಾಳ್ಯದ ವರ್ಕ್‌ಶಾಪಿಗೆ ಒಯ್ದು, ಮಲಗಲು ಎರಡು ಹಲಗೆ, ಒಂದು ಸೀಮೆಎಣ್ಣೆ ಸ್ಟೌ, ಕಿಟಕಿಗೆ ಪರದೆ ಹಾಕಿಸಿ, ಇನ್ನು ಮುಂದೆ ಇದೇ ನಮ್ಮ ಬೇಸಿಗೆ ಬಂಗಲೆ ಎಂದು ಘೋಷಿಸಿದರು. ಆ ಬಂಗಲೆಯಲ್ಲಿ ಅವರಿಗೂ ನಮ್ಮತ್ತೆಯವರಿಗೂ ಜಾಗವಾಯಿತು. ನನಗೂ ನಾದಿನಿ ಪೆರಿಯನಾಯಕಿಗೂ ಆಗಲಿಲ್ಲ. ಆದ್ದರಿಂದ ಅವಳು ಮನೆಯ ಮಗ್ಗದ ಬಟ್ಟೆಯಲ್ಲಿ ಒಂದು ಡೇರೆ ಹೊಲಿದಳು. ಶಾಲೆಗಳ ಶಿಬಿರಕ್ಕೆ ಡೇರೆ ಬಾಡಿಗೆ ಕೊಡುವ ಮಾರಿಮುತ್ತು ಎಂಬವರು, ಅದು ಕಾಡಿನಲ್ಲಿ ಎರಡು ದಿನ ನಿಂತರೆ ಇಪ್ಪತ್ತು ಡೇರೆಗಳ ಹೊಲಿಗೆ ಅವಳಿಗೇ ಎಂದಿದ್ದರು. ಗಂಡನ ಮನೆ ಬಿಟ್ಟು ಬಂದು ಆರು ವರ್ಷಗಳಲ್ಲಿ ತನ್ನದೆಂದು ಹೇಳಿಕೊಳ್ಳಲು ಅವಳಿಗೆ ಸಿಗಬಹುದಾಗಿದ್ದ ಮೊದಲ ಕೆಲಸ ಅದು.

ಮಗ್ಗದಿಂದ ಇಳಿದ ಬಟ್ಟೆಯಲ್ಲಿ ಹಾಸುನೂಲಿಗೆ, ಅಂದರೆ ಉದ್ದದ ಎಳೆಗಳಿಗೆ, ಬಳಿದ ಅಕ್ಕಿಗಂಜಿ ಉಳಿದಿರುತ್ತದೆ. “ಅತ್ತಿಗೆ, ಮೂರು ಸಲ ನೀರಲ್ಲಿ ಅಲಸಿ ಒಣಗಾಕಿ, ಆಮೇಲೆ ಹೊಲೀತೀನಿ” ಎಂದು ಅವಳು ನನಗೆ ಹೇಳಿಯೇ ಇದ್ದಳು. ಆದರೆ ಮೈಸೂರಿನ ಕಾನ್ವೆಂಟಿನಲ್ಲಿ ಓದಿ ಈ ನೇಕಾರರ ಮನೆಗೆ ಸೊಸೆಯಾಗಿ ಬಂದ ನನಗೆ, ಬಟ್ಟೆಯ ಮರ್ಯಾದೆಯೆಂದರೆ ಸಮವಸ್ತ್ರದ ಕಾಲರಿನಂತೆ ನೆಟ್ಟಗೆ ನಿಲ್ಲುವುದು. ನಾನು ತೊಳೆಯಲೇ ಇಲ್ಲ. ಹೊಲಿಗೆ ಮುಗಿದ ಮೇಲೆ ಯಾರಿಗೂ ಹೇಳದೆ ಇನ್ನೊಂದು ಪದರ ಗಂಜಿಯನ್ನೂ, ಅದು ಹುಳಿಯದಿರಲೆಂದು ಧಾರಾಳವಾಗಿ ಉಪ್ಪನ್ನೂ ಸೇರಿಸಿ ಬಳಿದೆ. ಡೇರೆ ಹಪ್ಪಳದಂತೆ ನಿಂತಿತು. ತಾವೂ ಅದನ್ನು ಹಾಗೆಯೇ ಭಾವಿಸಿದಿರಿ.

ನಾವೆಲ್ಲ ಬೆಳಗಿನ ಸ್ನಾನಕ್ಕೆ ಹೊಳೆಗೆ ಇಳಿದಿದ್ದಾಗ, ನಮ್ಮ ಕಣ್ಣೆದುರೇ ತಾವು ದಯಮಾಡಿಸಿದ ರೀತಿ ಎಷ್ಟು ಸಭ್ಯವಾಗಿತ್ತೆಂದರೆ, ಬಂಗಲೆಯ ಪರದೆಯನ್ನು ಸಹ ಅಲುಗಿಸಲಿಲ್ಲ. ಬಟ್ಟೆಯನ್ನಷ್ಟೇ ತಿಂದು, ಮೇಣದ ದಾರದಲ್ಲಿ ಎರಡೆರಡು ಸಾಲು ಹೊಲಿದ ಅಂಚುಗಳನ್ನು ಊಟದೆಲೆಯ ಕರಿಬೇವಿನಂತೆ ಪಕ್ಕಕ್ಕೆ ಸರಿಸಿಟ್ಟಿರಿ. ಇಷ್ಟು ವಿವೇಚನೆ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಏಕೆಂದರೆ ತಾವು ತೆರಳಿದ ಮೇಲೆ ನಮ್ಮತ್ತೆ ಮುತ್ತಮ್ಮಾಳ್ ಅವರು ಒದ್ದೆ ಸೀರೆಯಲ್ಲೇ ತೀರ್ಪು ಕೊಟ್ಟರು: “ಹೊಲಿಗೆ ಗಟ್ಟಿ ಇದ್ದಿದ್ರೆ ಆನೆ ಬಾಯಿಗೆ ಬರ್ತಿತ್ತಾ? ಇವಳ ದಾರಕ್ಕೆ ಆನೆ ಯಾಕೆ, ಆಡೇ ಸಾಕು!” ಪೆರಿಯನಾಯಕಿ ಅಂಚುಗಳನ್ನು ಹೆಕ್ಕಿ ಮೊಣಕೈಗೆ ಸುತ್ತಿಕೊಳ್ಳುತ್ತಾ, “ಅಮ್ಮಾ, ಹೊಲಿಗೆ ಇಲ್ಲೇ ಐತಲ್ಲ, ಹೋಗಿರೋದು ಬಟ್ಟೆ ತಾನೇ” ಎಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಂಡ ನಾನು ತಲೆ ಒರೆಸಿಕೊಳ್ಳುತ್ತಿದ್ದೆ. ಅಷ್ಟು ಹೊತ್ತು ತಲೆ ಒರೆಸಿಕೊಳ್ಳುವಷ್ಟು ಕೂದಲು ನನಗಿಲ್ಲ. ಮಾರಿಮುತ್ತು ಅವರಿಗೆ ಸುದ್ದಿ ಮುಟ್ಟಿದೆ. ಹೊಲಿಗೆಯ ಕೆಲಸ ಬೇರೆಯವರಿಗೆ ಹೋಗುವುದರಲ್ಲಿದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೆ. ಹೊಲಿಗೆಯನ್ನು ಅಗಿಯಲು ತಮ್ಮಿಂದಲೂ ಆಗಲಿಲ್ಲವೆಂದು, ಮುಂಗಾಲಿನ ಮುದ್ರೆಯೊತ್ತಿದ ಪ್ರಮಾಣಪತ್ರವೊಂದನ್ನು ಕಳುಹಿಸಬೇಕು. ಖುದ್ದಾಗಿ ಸಾಕ್ಷಿ ಹೇಳಲು ಮನಸ್ಸಿದ್ದರೆ ನಮ್ಮೂರಿನ ಉಕ್ಕಡಂ ಬಸ್ ನಿಲ್ದಾಣದಲ್ಲಿ ಇಳಿದು, ಪಕ್ಕದ ಕೆರೆಯಲ್ಲಿ ಮುಖ ತೊಳೆದು ಬರಬಹುದು; ಬಸ್ಸಿನಲ್ಲಿ ಹೆಂಗಸರ ಸೀಟನ್ನು ಮಾತ್ರ ಬಿಟ್ಟುಕೊಡಬೇಕು. ಬೇರೆಯವರ ತಪ್ಪನ್ನು ತಾವು ಹೊರಬೇಕಾಗಿಲ್ಲ. ಆ ಕೆಲಸಕ್ಕೆ ನಮ್ಮ ಮನೆಯಲ್ಲಿ ಒಬ್ಬಳನ್ನು ಈಗಾಗಲೇ ನೇಮಿಸಲಾಗಿದೆ.

ತಮಗಿಂತ ಕಡಿಮೆ ಧೈರ್ಯದ, ಆದರೂ ತಮ್ಮ ವಿಶ್ವಾಸಿ,
ರಾಜಾಮಣಿ ಶಣ್ಮುಗಂ

ಮರೆತ ಮಾತು: ಪತ್ರ ಮುಗಿಸಿದ ಮೇಲೆ ಹೊಳೆಯಿತು. ಕನ್ನಡ ಆಡುವ, ಆದರೆ ಶಾಲೆಯಲ್ಲಿ ತಮಿಳಷ್ಟೇ ಕಲಿತು ಕನ್ನಡದ ಒಂದಕ್ಷರವನ್ನೂ ಓದಲಾರದ ಮನೆಯಲ್ಲಿ ಕೂತು, ತಪ್ಪೊಪ್ಪಿಗೆಯನ್ನು ಕನ್ನಡದಲ್ಲಿ ಬರೆದು ಬೆಂಗಳೂರಿನ ಪತ್ರಿಕೆಗೆ ಕಳುಹಿಸಲು ಹೊರಟಿದ್ದೇನೆ. ತಾವಾದರೋ ತಿಂದದ್ದನ್ನು ಹಗಲಲ್ಲಿ, ಎಲ್ಲರೆದುರು ತಿಂದಿರಿ. ಹೀಗಾಗಿ ಭಾನುವಾರ ಮಾರಿಮುತ್ತು ಅವರನ್ನು ಊಟಕ್ಕೆ ಕರೆದು, ಅತ್ತೆಯವರ ಮುಂದೆ ಆ ಅಂಚುಗಳನ್ನು ಹರಡಿ, ಇದನ್ನು ಗಟ್ಟಿಯಾಗಿ ಓದಿ ಹೇಳುತ್ತೇನೆ. ಓದಿದ ಮೇಲಷ್ಟೇ ಅಂಚೆಗೆ: ಸೋಮವಾರ, ೯ ಜೂನ್ ೧೯೮೬.