ಸೇದದ ಸಿಗರೇಟು

ಬೀಡಿ ಸಿಗರೇಟು ಹಾಗಿರಲಿ, ಊದುಬತ್ತಿಯ ಹೊಗೆಗೂ ಕೆಮ್ಮುವ ಚಿದಾನಂದನಿಗೆ ಐವತ್ತು ದಾಟಿದ ಮೇಲೆ ಪೇಪರು ಓದುತ್ತ ಒಂದು ಆಘಾತವಾಯಿತು. ಒಂಟಿತನವು ದಿನಕ್ಕೆ ಹದಿನೈದು ಸಿಗರೇಟು ಸೇದಿದಷ್ಟೇ ಕೆಟ್ಟದ್ದೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರಂತೆ.

ಅವನು ಪೇಪರು ಮಡಚಿ ಕೋಣೆಯನ್ನೊಮ್ಮೆ ನೋಡಿದ. ಒಂದು ಮಂಚ, ಒಂದು ತಟ್ಟೆ, ಒಂದು ಲೋಟ. ಮದುವೆಯಾಗಲಿಲ್ಲ, ಯಾಕೆ ಆಗಲಿಲ್ಲ ಎಂದು ಕೇಳುವವರೂ ಈಗ ಇಲ್ಲ. ಬಿ.ಸಿ.ರೋಡಿನ ಕನ್ನಡಕದ ಅಂಗಡಿಯಲ್ಲಿ ದಿನವಿಡೀ "ಈ ಅಕ್ಷರ ಕಾಣ್ತದಾ?" ಎಂದು ಕೇಳಿ, ಸಂಜೆ ಮೆಲ್ಕಾರಿನ ಈ ಬಾಡಿಗೆ ಕೋಣೆಗೆ ಬಂದರೆ ಶಬ್ದ ಮಾಡುವುದು ಫ್ಯಾನು ಮಾತ್ರ. ಸೇದುವ ಸುಖವಿಲ್ಲದೆ ಬರೀ ಕಾಯಿಲೆ ಬರುವುದೆಂದರೆ ಇದೆಂಥ ಅನ್ಯಾಯ! ಅವನಿಗೆ ಅಳುವೇ ಬಂತು.

ಮದ್ದನ್ನೂ ಬರೆದಿದ್ದರು: ನಾಲ್ಕು ಜನರೊಂದಿಗೆ ಕೂತು ಉಣ್ಣಿರಿ.

ಮರುದಿನ ಆಟಿ ಅಮಾವಾಸ್ಯೆ. ಬೆಳಕು ಹರಿಯುವ ಮೊದಲು ಹಾಲೆ ಮರದ ತೊಗಟೆ ತಂದು, ಖಾಲಿ ಹೊಟ್ಟೆಗೆ ಅದರ ಕಷಾಯ ಕುಡಿದು, ಉಷ್ಣ ಇಳಿಯಲೆಂದು ಮೆಂತೆ ಗಂಜಿ ಉಣ್ಣುವ ದಿನ. ಕಷಾಯವನ್ನು ಯಾರು ಬೇಕಾದರೂ ಕಾಯಿಸಬಹುದು. ಗಂಜಿಗೆ ಸಂಸಾರ ಬೇಕು. ಕಟ್ಟಡದವರಿಗೆಲ್ಲ ತಾನೇ ಕಷಾಯ ಕೊಟ್ಟರೆ ಯಾರಾದರೊಬ್ಬರು ಗಂಜಿಗೆ ಕರೆಯದೆ ಇರುತ್ತಾರೆಯೇ? ಆ ಆಸೆಯಲ್ಲೇ ಅವನು ಸಂಜೆ ಹೋಗಿ, ಕತ್ತಲಲ್ಲಿ ಗುರುತು ತಪ್ಪಬಾರದೆಂದು, ಮಳೆನೀರು ಹರಿಯುವ ತೋಡಿನ ಬದಿಯ ಹಾಲೆ ಮರಕ್ಕೆ ದಾರ ಕಟ್ಟಿ ಬಂದ.

ಈ ತೊಗಟೆಗೆ ಕಬ್ಬಿಣ ಸೋಕಬಾರದು, ಕಲ್ಲಿನಲ್ಲೇ ಜಜ್ಜಿ ತೆಗೆಯಬೇಕು. ಹಿಂದಿನವರು ಮೈಮೇಲಿನ ಬಟ್ಟೆಯನ್ನೂ ಬಿಟ್ಟು ಹೋಗುತ್ತಿದ್ದರಂತೆ. ಚಿದಾನಂದನಿಗೆ ಅಷ್ಟು ಧೈರ್ಯವಿರಲಿಲ್ಲ. ಕ್ರಮ ತಪ್ಪಬಾರದೆಂದು ಲೋಹದ ಫ್ರೇಮಿನ ಕನ್ನಡಕವನ್ನು ಮಾತ್ರ ಬಿಟ್ಟು ಹೋದ.

ಬೆಳಿಗ್ಗೆ ಅವನ ಕಷಾಯವನ್ನು ಎಲ್ಲರೂ ಮೂಗು ಹಿಡಿದು ಕುಡಿದರು. ಕೆಳಗಿನ ಮನೆಯಲ್ಲಿ ಬೀಡಿ ಕಟ್ಟುವ ಸುಂದರಿ ಕುಡಿದಳು. ಎದುರು ಮನೆಯ ನಿವೃತ್ತ ಗುಮಾಸ್ತ ದಯಾನಂದರೂ ಅವರ ಹೆಂಡತಿ ಕಾಂತಿಯೂ ಕುಡಿದರು. ದಯಾನಂದರು ದಿನಕ್ಕೊಂದು ಸಂಶೋಧನೆಯನ್ನು ವಾಟ್ಸಾಪಿನಲ್ಲಿ ಹಂಚುವವರು.

"ಕಹಿ ಕುಡಿದವರಿಗೆ ಮರೆವು ಬರುವುದಿಲ್ಲ ಅಂತ ವಿಜ್ಞಾನಿಗಳು ಹೇಳಿದ್ದಾರೆ" ಎಂದರು. ಯಾವ ವಿಜ್ಞಾನಿಗಳೆಂಬುದು ಅವರಿಗೇ ಮರೆತಿತ್ತು.

ಚಿದಾನಂದ ಖಾಲಿ ಪಾತ್ರೆ ಹಿಡಿದು ಮೆಟ್ಟಿಲ ಬಳಿಯೇ ನಿಂತ. "ಕಾಂತಿಯಕ್ಕ, ಮೆಂತೆ ಪರಿಮಳ ಒಳ್ಳೇದುಂಟು."

"ಹೌದಾ? ನೀವು ಸುಂದರಿಯಲ್ಲಿ ಉಣ್ತೀರಲ್ಲ, ಚಿದಣ್ಣ?"

"ಇಲ್ಲಪ್ಪ, ನಿಮ್ಮಲ್ಲಿಗೆ ಬರ್ತಾರೆ ಅಂತ ನಾನು ಗ್ರಹಿಸಿದೆ" ಎಂದಳು ಕೆಳಗಿನಿಂದ ಸುಂದರಿ. ಇಬ್ಬರೂ ನಕ್ಕರು. ಮುಂದಿನ ಮಾತನ್ನು ಇವಳು ಆಡಲಿ ಎಂದು ಅವಳು, ಅವಳು ಆಡಲಿ ಎಂದು ಇವಳು ಸುಮ್ಮನಾದರು.

ಅಷ್ಟರಲ್ಲಿ ದಯಾನಂದರು ಅವನ ಮುಖವನ್ನೇ ದಿಟ್ಟಿಸಿದರು. "ನಿಮ್ಮ ಕನ್ನಡಕ ಎಲ್ಲಿ?"

"ಕಬ್ಬಿಣ ಆಗ್ಬಾರ್ದಲ್ಲ, ಇಟ್ಟು ಹೋಗಿದ್ದೆ. ಬಂದ ಮೇಲೆ ಹಾಕ್ಲಿಕ್ಕೆ ಮರೆತೇ ಹೋಯ್ತು."

"ಮತ್ತೆ ಮರ ಹೇಗೆ ಗೊತ್ತಾಯ್ತು?"

"ದಾರ ತಡವಿ ನೋಡಿದೆ."

"ಅಯ್ಯೋ ಮಾರಾಯ್ರೆ! ಪಕ್ಕದಲ್ಲೇ ಕಾಸರಕನ ಮರ ಉಂಟು, ವಿಷದ್ದು! ದನ ಕಟ್ಟಿದ ಹಗ್ಗ ಅದರಲ್ಲೂ ಉಂಟು! ನೀವು ತಡವಿದ್ದು ಯಾವುದನ್ನು?"

ದಯಾನಂದರು ಮೊಬೈಲು ನೋಡಿ ವಿಷದ ಲಕ್ಷಣಗಳನ್ನು ಗಟ್ಟಿಯಾಗಿ ಓದತೊಡಗಿದರು; ಅವರು ಓದಿದ್ದೆಲ್ಲ ಉಳಿದವರಿಗೆ ಬಂತು. ಕಾಂತಿಗೆ ದವಡೆ ಬಿಗಿಯಿತು. ಸುಂದರಿಯ ಕಾಲು ಸೆಳೆಯಿತು. ಗೇಟಿನ ಬಳಿ ರಿಕ್ಷಾ ನಿಲ್ಲಿಸುವ ಬಾವಾನನ್ನು ಕೂಗಿ, ಎಲ್ಲರೂ ಅವನ ರಿಕ್ಷಾಕ್ಕೆ ಹತ್ತಿಕೊಂಡರು. ಕಾಂತಿ ಗಂಜಿಯ ಪಾತ್ರೆಯನ್ನೂ ಮಡಿಲಲ್ಲಿಟ್ಟುಕೊಂಡಳು. "ನಾಯಿ ಮುಟ್ಟಿದ್ರೆ ದಂಡ ಆಗ್ತದೆ" ಎಂದಳು.

"ಕನ್ನಡಕ ಮಾರುವವರೇ ಕುರುಡರಾದ್ರೆ ಹೇಗೆ?" ಎಂದು ದಯಾನಂದರು ದಾರಿಯುದ್ದಕ್ಕೂ ಬೈದರು. ಸುಂದರಿ ಮಾತ್ರ ಚಿದಾನಂದನ ಕೈ ಹಿಡಿದುಕೊಂಡಳು. "ಬೇಕಂತ ಮಾಡಿದ್ದಾ ಪಾಪ? ಹೋಗುವುದಾದ್ರೆ ಎಲ್ರೂ ಒಟ್ಟಿಗೇ ಹೋಗುವ."

ಅವನ ಕೈಯನ್ನು ಒಬ್ಬರು ಹಿಡಿದು ಯಾವ ಕಾಲವಾಗಿತ್ತೋ. ಸಾಯುವ ಭಯದ ನಡುವೆಯೂ ರಿಕ್ಷಾ ಸ್ವಲ್ಪ ನಿಧಾನ ಹೋಗಲಿ ಎಂದು ಅವನಿಗೆ ಅನ್ನಿಸಿತು.

ಆಸ್ಪತ್ರೆಯಲ್ಲಿ ಡಾಕ್ಟರ್ ಹನಾ ಎಲ್ಲರನ್ನೂ ಪರೀಕ್ಷಿಸಿ ಸಾಲಾಗಿ ಕೂರಿಸಿದರು. ಮರ ನೋಡಿ ಬರಲು ಬಾವಾನನ್ನು ಓಡಿಸಿದರು. ಮಧ್ಯಾಹ್ನದ ಹೊತ್ತಿಗೆ ಬಾವಾ ನಗುತ್ತ ಬಂದ.

"ಹಾಲೆ ಮರವೇ ಮಾರಾಯ್ರೆ! ಜಜ್ಜಿದಲ್ಲಿ ಬಿಳಿ ಹಾಲು ಇಳಿದುಂಟು. ಕಾಸರಕನನ್ನು ಯಾರೂ ಮುಟ್ಟಲೇ ಇಲ್ಲ."

ಕೂಡಲೇ ಎಲ್ಲರ ದವಡೆ, ಕಾಲು ಸರಿಯಾದವು, ಹಸಿವೂ ಹುಟ್ಟಿತು. ಡಾಕ್ಟರು ಒಪ್ಪಿದ ಮೇಲೆ ಕಾಂತಿ ಬೆಂಚಿನ ಮೇಲೆಯೇ ಗಂಜಿ ಬಡಿಸಿದಳು. ಪಾತ್ರೆಯ ಮುಚ್ಚಳವೇ ಚಿದಾನಂದನ ತಟ್ಟೆಯಾಯಿತು. ಸುಂದರಿ ನಕ್ಕಳು, ದಯಾನಂದರೂ ನಕ್ಕರು.

"ಭಾನುವಾರ ಊಟಕ್ಕೆ ನಮ್ಮಲ್ಲಿಗೆ ಬನ್ನಿ ಚಿದಣ್ಣ. ಇನ್ನು ಪ್ರತಿ ಭಾನುವಾರ ಬನ್ನಿ" ಎಂದಳು ಕಾಂತಿ.

ಚಿದಾನಂದನ ಕಣ್ಣು ತುಂಬಿತು. ಮೆಂತೆಯ ಕಹಿ ಎಂದು ಹೇಳಿ ಕಣ್ಣೊರೆಸಿಕೊಂಡ.

ಹೊರಡುವ ಮೊದಲು ಡಾಕ್ಟರು ಅವನನ್ನು ಪರದೆಯ ಹಿಂದೆ ಕರೆದು ಮತ್ತೊಮ್ಮೆ ಬಿಪಿ ನೋಡಿದರು. "ಜಾಸ್ತಿ ಉಂಟಲ್ಲ. ಸಿಗರೇಟು ಸೇದ್ತೀರಾ? ದಿನಕ್ಕೆ ಎಷ್ಟು?"

ಜನ್ಮದಲ್ಲಿ ಒಮ್ಮೆಯೂ ತಮಾಷೆ ಮಾಡದವನಿಗೆ ಆ ಸಂತೋಷದಲ್ಲಿ ತಮಾಷೆ ಹೊಳೆಯಿತು. "ಹದಿನೈದು, ಡಾಕ್ಟ್ರೇ. ಎಷ್ಟೋ ವರ್ಷದಿಂದ. ಆದ್ರೆ ಇವತ್ತು ಬೆಳಿಗ್ಗೆಯಿಂದ ಒಂದೂ ಇಲ್ಲ!"

ಅವನು ನಗುತ್ತ ಹೊರಗೆ ಬಂದ. ಬೆಂಚಿನಲ್ಲಿ ಯಾರೂ ನಗುತ್ತಿರಲಿಲ್ಲ.

"ಹದಿನೈದಾ?" ಎಂದರು ದಯಾನಂದರು. "ಸೇದುವವರ ಹತ್ತಿರ ಕೂತವರಿಗೂ ಅಪಾಯ ಅಂತ ಕಂಡುಹಿಡಿದಿದ್ದಾರೆ, ಗೊತ್ತುಂಟಾ?"

"ಅಯ್ಯೋ, ಅದು ಪೇಪರಿನಲ್ಲಿ ಬಂದದ್ದು..."

"ಪೇಪರಿನಲ್ಲೇ ಸುತ್ತಿರ್ತಾರೆ, ನನಗೆ ಗೊತ್ತಿಲ್ವಾ?" ಎಂದಳು ದಿನಕ್ಕೆ ಸಾವಿರ ಬೀಡಿ ಕಟ್ಟುವ ಸುಂದರಿ. ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಕಾಂತಿ ಗಂಜಿಯ ಮುಚ್ಚಳವನ್ನು ನಲ್ಲಿಯಲ್ಲಿ ಎರಡು ಸಲ ತೊಳೆದಳು.

ರಿಕ್ಷಾದಲ್ಲಿ ಜಾಗವಿಲ್ಲವೆಂದರು. ಬರುವಾಗ ಅದೇ ರಿಕ್ಷಾದಲ್ಲಿ ಎಲ್ಲರೂ ಕೂತು ಬಂದಿದ್ದರು. ಚಿದಾನಂದ ಬಸ್ಸಿನಲ್ಲಿ ನಿಂತುಕೊಂಡು ಕೋಣೆಗೆ ಬಂದ, ಕನ್ನಡಕ ಹಾಕಿಕೊಂಡ. ಈಗ ಎಲ್ಲವೂ ಸ್ಪಷ್ಟವಾಗಿ ಕಂಡಿತು: ಒಂದು ಮಂಚ, ಒಂದು ತಟ್ಟೆ, ಒಂದು ಲೋಟ.

ಸಂಜೆ ಮೊಬೈಲು ಕುಂಯ್ ಎಂದಿತು. ದಯಾನಂದರು ಅವನೊಬ್ಬನಿಗೇ ಒಂದು ಸಂಶೋಧನೆ ಕಳುಹಿಸಿದ್ದರು. ಒಂಟಿತನವು ದಿನಕ್ಕೆ ಹದಿನೈದು ಸಿಗರೇಟಿಗೆ ಸಮ ಎಂಬ ಅದೇ ಲೇಖನ. ಕೆಳಗೆ ಅವರ ಸ್ವಂತ ಮಾತೂ ಇತ್ತು.

"ಸಿಗರೇಟು ಬಿಡುವವರೆಗೆ ಭಾನುವಾರ ಬರುವುದು ಬೇಡ, ಕಾಂತಿಗೆ ಹೊಗೆ ಆಗುವುದಿಲ್ಲ. ಹಾಗಂತ ಒಬ್ಬರೇ ಕೂರಬೇಡಿ ಚಿದಾನಂದರೇ. ಮೊದಲೇ ಹದಿನೈದು ಉಂಟು, ಒಟ್ಟು ಮೂವತ್ತಾಗ್ತದೆ."